ಬತ್ತೀನಿ ಅಂದವರು ಬರುವ ಸಿನಿಮಾ

ಕೊರೊನಾದ ಎರಡನೆಯ ಅಲೆ ಇಳಿದು, ಶಾಲೆಗಳು ಪೂರ್ತಿಯಾಗಿ ಬಾಗಿಲು ತೆರೆದ ಮರುವರ್ಷ ನಾನು ಅರಸೀಕೆರೆಯ ಸಾರ್ವಜನಿಕ ಗ್ರಂಥಾಲಯವೊಂದರಲ್ಲಿ ಗ್ರಂಥಪಾಲಕಿಯಾಗಿದ್ದೆ. ನಿವೃತ್ತಿಗೆ ಹೆಚ್ಚು ಕಾಲ ಉಳಿದಿರಲಿಲ್ಲ. ಆ ಹೊತ್ತಿನಲ್ಲಿ ಬೇರೆಯವರಾದರೆ ಪಿಂಚಣಿಯ ಕಾಗದಪತ್ರ ಜೋಡಿಸಿಕೊಂಡು ಸುಮ್ಮನಿರುತ್ತಾರೆ. ಸುಮ್ಮನಿರುವುದು ನನ್ನ ಜಾಯಮಾನಕ್ಕೆ ಒಗ್ಗಿದ್ದಲ್ಲ. ಮನೆಯಲ್ಲಿ ಕೂತು ಮೊಬೈಲು ಉಜ್ಜಿ ಉಜ್ಜಿ ಅಭ್ಯಾಸವಾದ ಮಕ್ಕಳು ಪುಸ್ತಕ ಕಂಡರೆ ಹಾಗಲಕಾಯಿ ಕಂಡಂತೆ ಮುಖ ಮಾಡುತ್ತಿದ್ದರು. ಅವರನ್ನು ಒಳಗೆ ಎಳೆಯಲು ನಾನು ಹೂಡಿದ ಉಪಾಯವೇ ಶನಿವಾರದ ಸಿನಿಮಾ.

ಶನಿವಾರ ಶಾಲೆ ಬೆಳಿಗ್ಗೆಯೇ ಮುಗಿಯುತ್ತದೆ. ಊಟ ಮಾಡಿ ಬಂದ ಮಕ್ಕಳನ್ನು ಮಕ್ಕಳ ವಿಭಾಗದ ಜಮಖಾನದ ಮೇಲೆ ಕೂರಿಸಿ, ಗೋಡೆಯ ಟಿವಿಯಲ್ಲಿ ಮನೆಮಂದಿಯೆಲ್ಲ ಕೂತು ನೋಡುವಂಥ ಒಂದು ಸಿನಿಮಾ ಹಾಕುತ್ತಿದ್ದೆ. ಆಚೆ ಕೋಣೆಯಲ್ಲಿ ಪತ್ರಿಕೆ ಓದುವ ಹಿರಿಯರು ಮೊದಮೊದಲು ಗೊಣಗಿದರು. ಆಮೇಲೆ ಒಬ್ಬೊಬ್ಬರಾಗಿ ಕುರ್ಚಿ ತಂದು ಹಿಂದೆ ಹಾಕಿಕೊಂಡರು. ಎಷ್ಟೇ ದೊಡ್ಡ ಸಿನಿಮಾ ಆದರೂ ಸಂಜೆಗೆ ಮುಂಚೆ ಮುಗಿಯಲೇಬೇಕು. ನನ್ನ ತವರು ಹಳೇಬೀಡಿನ ಬಸ್ತಿಹಳ್ಳಿ. ಹೊತ್ತು ಮುಳುಗುವ ಮುಂಚೆ ಊಟ ಮುಗಿಸುವ ಜೈನರ ಮನೆ ನಮ್ಮದು. ಅದು ಮಕ್ಕಳಿಗೂ ಗೊತ್ತಾಗಿ, ಸಿನಿಮಾ ಉದ್ದವಾದರೆ "ಓಡ್ಸಿ ಮಿಸ್, ನಿಮ್ಗೆ ಊಟಕ್ಕೆ ಹೊತ್ತಾಯ್ತದೆ" ಎಂದು ಛೇಡಿಸುತ್ತಿದ್ದರು.

ಸಿನಿಮಾ ಬರೀ ಗಾಳದ ಹುಳು. ಮೀನು ಹಿಡಿಯುತ್ತಿದ್ದದ್ದು ಆಮೇಲೆ ಕೊಡುತ್ತಿದ್ದ ಪುಸ್ತಕ. ಅದಕ್ಕೆ ನಾನಿಟ್ಟ ಹೆಸರು ಜೊತೆ ಪುಸ್ತಕ. ಸಿನಿಮಾದ ಕಥೆಯನ್ನೇ ಮತ್ತೆ ಹೇಳುವ ಪುಸ್ತಕ ಅದಲ್ಲ. ಸಿನಿಮಾ ಮುಗಿದ ತಕ್ಷಣ ಮಗುವಿನ ಬಾಯಲ್ಲಿ ಒಂದು ಪ್ರಶ್ನೆ ಬರುತ್ತದೆ. ಆ ಮೊದಲ ಪ್ರಶ್ನೆಗೆ ಉತ್ತರ ಕೊಡುವ ಪುಸ್ತಕ ಯಾವುದೋ ಅದೇ ಅದರ ಜೊತೆ. ಕಳೆದುಹೋದ ನಾಯಿ ಮನೆಗೆ ಮರಳುವ ಸಿನಿಮಾ ನೋಡಿದ ಮಗು "ಅದಕ್ಕೆ ದಾರಿ ಹೆಂಗೆ ಗೊತ್ತಾಯ್ತು?" ಎಂದು ಕೇಳುತ್ತದೆ. ಆಗ ಪ್ರಾಣಿಗಳ ಮೂಗಿನ ಬಗ್ಗೆ ಬರೆದ ಪುಸ್ತಕ ಕೈಗಿಡಬೇಕು, ಇನ್ನೊಂದು ನಾಯಿಯ ಕಥೆಯನ್ನಲ್ಲ. ಇದನ್ನು ಯಾವ ಗ್ರಂಥಾಲಯ ವಿಜ್ಞಾನದ ತರಗತಿಯಲ್ಲೂ ಹೇಳಿಕೊಡುವುದಿಲ್ಲ. ಮಕ್ಕಳ ಮುಖ ನೋಡಿ ನೋಡಿ ನಾನೇ ಕಲಿತದ್ದು.

ತೋರಿಸುವ ಪ್ರತಿಯೊಂದನ್ನೂ ಮೊದಲು ನಾನೊಬ್ಬಳೇ ಕೂತು ನೋಡುತ್ತಿದ್ದೆ. ಮಕ್ಕಳ ಸಿನಿಮಾ ಮಾಡುವವರಿಗೆ ತಾಯಂದಿರ ಮೇಲೆ ಅದೇನು ಸಿಟ್ಟೋ, ಇಂಟರ್ವಲ್‌ವರೆಗೆ ಒಬ್ಬಳನ್ನೂ ಬದುಕಲು ಬಿಡುವುದಿಲ್ಲ ಎಂದು ಮನೆಯಲ್ಲಿ ತಮಾಷೆ ಮಾಡುತ್ತಿದ್ದೆ. ಆ ತಮಾಷೆಯನ್ನು ನಾನು ಮತ್ತೆ ಮಾಡಲಿಲ್ಲ. ಅದಕ್ಕೆ ಕಾರಣ ಸಿಂಚನ.

ಸಿಂಚನ ಆಗ ಮೂರನೆಯ ತರಗತಿಯ ಹುಡುಗಿ. ಎರಡು ಜಡೆ, ಅದರಲ್ಲಿ ಒಂದು ಯಾವಾಗಲೂ ಬಿಚ್ಚಿರುತ್ತಿತ್ತು. ರೈಲ್ವೆ ಸ್ಟೇಷನ್ ಹಿಂದಿನ ಬೀದಿಯಲ್ಲಿ ಮನೆ. ಶನಿವಾರ ಅವಳನ್ನು ತಂದು ಬಿಡುವವರು, ಕರೆದುಕೊಂಡು ಹೋಗುವವರು ಅವಳ ಅಜ್ಜಿ ಗೌರಮ್ಮ. ಅಪ್ಪ ಸಿದ್ದೇಶ ಕೊಬ್ಬರಿ ಮಂಡಿಯಲ್ಲಿ ಚೀಲ ತುಂಬಿಸಿ ಲಾರಿಯ ಜೊತೆ ಊರೂರಿಗೆ ಹೋಗುವವನು. ತಾಯಿಯನ್ನು ನಾನು ನೋಡಿರಲಿಲ್ಲ. ಕೇಳಿಯೂ ಇರಲಿಲ್ಲ.

ಹುಡುಗಿ ಜಮಖಾನದ ಮೇಲೆ ಕೂರುತ್ತಿರಲಿಲ್ಲ, ಬಾಗಿಲ ಪಕ್ಕ ನಿಲ್ಲುತ್ತಿದ್ದಳು. ಪ್ರತಿ ಶನಿವಾರವೂ ನಾನು ಟಿವಿ ಹಚ್ಚುವ ಮುಂಚೆ ಹತ್ತಿರ ಬಂದು ಸೆರಗು ಎಳೆಯುತ್ತಿದ್ದಳು.

"ಮಿಸ್, ಇದ್ರಲ್ಲಿ ಯಾರಾದ್ರೂ ಬತ್ತೀನಿ ಅಂತ ಹೇಳಿ ಹೋಗ್ತಾರಾ?"

"ಯಾಕಮ್ಮ?"

"ಹೋದೋರು ಬತ್ತಾರಾ ಅಂತ."

ಬರುತ್ತಾರೆ ಎಂದರೆ ಕೂತು ಕೊನೆಯವರೆಗೆ ನೋಡುವಳು. ಬರುವುದಿಲ್ಲ ಎಂದರೆ ಚಪ್ಪಲಿ ಹಾಕಿಕೊಂಡು ಹೊರಗೆ ಮೆಟ್ಟಿಲ ಮೇಲೆ ಕೂರುವಳು. ಪುಸ್ತಕ ಆರಿಸುವಾಗಲೂ ಹಾಗೆಯೇ, ಮೊದಲು ಕೊನೆಯ ಹಾಳೆ ತಿರುಗಿಸುತ್ತಿದ್ದಳು. ಕೊನೆಯ ಚಿತ್ರದಲ್ಲಿ ಎಲ್ಲರೂ ಮನೆಯೊಳಗೆ ಇದ್ದರೆ ಮಾತ್ರ ಆ ಪುಸ್ತಕ ಅವಳಿಗೆ ಬೇಕು. ಕೆಲವು ಮಕ್ಕಳಿಗೆ ಕುತೂಹಲ ತಡೆಯಲು ಆಗುವುದಿಲ್ಲ, ಇವಳೂ ಅಂಥವಳೇ ಇರಬೇಕು ಎಂದುಕೊಂಡು ನಗಿಸುವ ಕಥೆ, ಬೆಕ್ಕು ಮೊಲದ ಕಥೆ ಕೊಟ್ಟು ಕಳಿಸುತ್ತಿದ್ದೆ.

ಬೇಸಿಗೆ ರಜದ ಮುಂಚಿನ ಒಂದು ಶನಿವಾರ ಗೊಂಬೆಯಾಟ ಆಡಿಸುವ ಸಂಸಾರವೊಂದರ ಸಿನಿಮಾ ಹಾಕಿದ್ದೆ. ಅದರಲ್ಲಿ ಅಣ್ಣ ತಂಗಿಗೆ "ಬರ್ತೀನಿ" ಎಂದು ಹೇಳಿ ಬಸ್ಸು ಹತ್ತುತ್ತಾನೆ. ತಂಗಿ ಗೊಂಬೆಗೆ ಬಟ್ಟೆ ತೊಡಿಸುತ್ತ ರಸ್ತೆ ನೋಡುತ್ತಾಳೆ, ಅಲ್ಲಿಗೆ ಮುಗಿಯುತ್ತದೆ. ಆ ದಿನ ಸಿಂಚನ ತಡವಾಗಿ ಬಂದಿದ್ದರಿಂದ ಮೊದಲೇ ಕೇಳಿಕೊಳ್ಳಲು ಆಗಿರಲಿಲ್ಲ. ಮಕ್ಕಳೆಲ್ಲ ಎದ್ದು ಪುಸ್ತಕಕ್ಕೆ ಮುಗಿಬಿದ್ದರೂ ಅವಳು ಕಪ್ಪಾದ ಟಿವಿಯ ಮುಂದೆ ಕೂತೇ ಇದ್ದಳು.

"ಮುಂದಿಂದು ಹಾಕಿ ಮಿಸ್."

"ಅಷ್ಟೇ ಕಣಮ್ಮ. ಮುಗೀತು."

"ಇಲ್ಲ. ಅವ್ನು ಬತ್ತೀನಿ ಅಂದವ್ನೆ."

ಎಲ್ಲರೂ ಹೋದರು. ಅವಳು ಏಳಲಿಲ್ಲ. ನಾನು ಗದರಿದೆ, ರಮಿಸಿದೆ, ಚಕ್ಕುಲಿ ಕೊಟ್ಟೆ. ಚಕ್ಕುಲಿ ಕೈಯಲ್ಲೇ ಉಳಿಯಿತು. ಕರೆಯಲು ಬಂದ ಗೌರಮ್ಮ ಬಾಗಿಲಲ್ಲೇ ನಿಂತು ನೋಡಿ, ನನ್ನನ್ನು ಸನ್ನೆ ಮಾಡಿ ಹೊರಗೆ ಕರೆದರು.

"ಅದ್ರ ತಾಯಿ ಇಲ್ಲ ಮೇಡಮ್ಮೋರೆ," ಎಂದರು. "ಕೊರೊನಾದಲ್ಲಿ ಹೋಗ್ಬಿಟ್ಲು. ಮಗಿಗೆ ಹೇಳಿಲ್ಲ."

ಅವರ ಸೊಸೆ ರೇಣುಕಾಳನ್ನು ಆಂಬುಲೆನ್ಸಿನಲ್ಲಿ ಹಾಸನದ ಆಸ್ಪತ್ರೆಗೆ ಕರೆದೊಯ್ದಿದ್ದರು. ಅಲ್ಲಿಂದ ಅವಳು ಬರಲಿಲ್ಲ, ದೇಹವೂ ಮನೆಗೆ ಬರಲಿಲ್ಲ. ಸಿದ್ದೇಶ ಒಬ್ಬನೇ ದೂರದಲ್ಲಿ ನಿಂತು ಹೊಗೆ ನೋಡಿ ಬಂದಿದ್ದ. ಹೆಣ ಬಾರದ ಮನೆಯಲ್ಲಿ ಸಾವು ಆಗಿದೆ ಎಂದು ಮಗುವಿಗೆ ತೋರಿಸುವುದು ಹೇಗೆ? ಮೊದಲಿಗೆ "ಅಮ್ಮ ದೇವರ ಹತ್ರ ಹೋಗವ್ಳೆ" ಎಂದರಂತೆ. ಅರಸೀಕೆರೆಯ ಮಗುವಿಗೆ ದೇವರ ಹತ್ರ ಎಂದರೆ ಮಾಲೇಕಲ್ಲು. ವರ್ಷಾ ವರ್ಷ ಅಮ್ಮನ ಸೊಂಟದ ಮೇಲೆ ಕೂತು ಹತ್ತಿದ ದೇವಸ್ಥಾನದ ಬೆಟ್ಟ. ಅಲ್ಲಿಗೆ ಕರೆದುಕೊಂಡು ಹೋಗಿ ಎಂದು ಸಿಂಚನ ಅನ್ನ ಬಿಟ್ಟಳು. ಕೊನೆಗೆ ಕರೆದುಕೊಂಡು ಹೋದರು.

"ಮೇಲೆಲ್ಲ ಹುಡುಕಿದ್ಲು ಮೇಡಮ್ಮೋರೆ. ಬಾಗ್ಲು ಹಿಂದೆ, ಕಂಬದ ಹಿಂದೆ. ಪೂಜಾರಪ್ಪನ್ನೂ ಕೇಳಿದ್ಲು, ನಮ್ಮಮ್ಮ ಎಲ್ಲವ್ಳೆ ಅಂತ. ಆಮೇಲಿಂದ ನಾವು ಮಾತು ತಿರುಗಿಸ್ಬಿಟ್ವಿ. ಆಸ್ಪತ್ರೇಲಿ ಅವ್ಳೆ, ವಾಸಿ ಆದ್ಮೇಲೆ ಬತ್ತಾಳೆ ಅಂತ."

ನನಗೆ ಸಿಟ್ಟು ಬಂತು. ನಮ್ಮ ಮಾತೇ ಹಾಗಿದೆ. ಸತ್ತರು ಎನ್ನಲು ನಾಲಿಗೆ ಏಳುವುದಿಲ್ಲ, ಹೋದರು ಎನ್ನುತ್ತೇವೆ. ಅದಕ್ಕೇ ಮನೆಯಿಂದ ಹೊರಡುವವರು ಹೋಗ್ತೀನಿ ಎನ್ನುವಂತಿಲ್ಲ, ಅಂಗಡಿಗೆ ಹೊರಟರೂ ಬರ್ತೀನಿ ಎನ್ನಬೇಕು. ದೊಡ್ಡವರ ನೋವಿಗೆ ಈ ಮಾತು ಹತ್ತಿಯಂತೆ ಮೆತ್ತಗೆ ಇರುತ್ತದೆ. ಆದರೆ ಮಗು ಮಾತನ್ನು ಮಾತೆಂದೇ ನಂಬುತ್ತದೆ. ಆಂಬುಲೆನ್ಸ್ ಹತ್ತುವಾಗ ಅಮ್ಮ "ಬತ್ತೀನಿ ಕಣ್ ಮಗ" ಎಂದಿದ್ದಳು. ಸಿಂಚನ ಅದನ್ನು ಹಿಡಿದುಕೊಂಡು ಕೂತಿದ್ದಳು. ಅಮ್ಮ ಯಾವತ್ತೂ ಸುಳ್ಳು ಹೇಳಿದವಳಲ್ಲವಂತೆ.

ಅವತ್ತು ಅಜ್ಜಿ ಅವಳನ್ನು ಎತ್ತಿಕೊಂಡೇ ಹೋದರು. ಮಂಡಿನೋವಿನ ಹೆಂಗಸು, ಮೆಟ್ಟಿಲಿಳಿಯುವಾಗ ಗೋಡೆ ಹಿಡಿದುಕೊಂಡರು.

ಮುಂದಿನ ವಾರದ ನಡುವೆ ಸಿದ್ದೇಶ ಬಂದ. ತಲೆಗೂದಲಲ್ಲಿ ಗೋಣಿಚೀಲದ ನಾರು ಅಂಟಿತ್ತು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಹಳೇಬೀಡಿನಲ್ಲಿ ರೇಣುಕಾಳ ತಂಗಿಯ ಮನೆ ಇದೆಯೆಂದೂ, ಬೇಸಿಗೆ ಕಳೆದ ಮೇಲೆ ಸಿಂಚನಳನ್ನು ಅಲ್ಲೇ ಶಾಲೆಗೆ ಸೇರಿಸುತ್ತೇನೆಂದೂ ಹೇಳಿದ. ಗೌರಮ್ಮನ ಮಂಡಿಗೆ ಆಪರೇಷನ್ ಆಗಬೇಕು, ಆಮೇಲೆ ಅವರು ಹಗರೆಯಲ್ಲಿ ಮಗಳ ಮನೆಯಲ್ಲಿ ಇರುತ್ತಾರೆ. ಇವನು ಲಾರಿಯ ಮೇಲೆ ಇರುವವನು, ಬಾಡಿಗೆ ಮನೆ ಬಿಟ್ಟು ಕೊಬ್ಬರಿ ಮಂಡಿಯ ಹತ್ತಿರ ಒಂದು ರೂಮು ಹಿಡಿಯುತ್ತಾನೆ.

"ಒಳ್ಳೇದೇ ಆಯ್ತಲ್ಲ. ಹುಡುಗಿ ಏನಂತಾಳೆ?" ಎಂದೆ.

"ಬರಲ್ಲ ಅಂತಾಳೆ ಮೇಡಂ. ಅಮ್ಮ ಬಂದ್ರೆ ಮನೆ ಬೀಗ ಹಾಕಿರ್ತದೆ, ಬಾಗ್ಲು ತೆಗೆಯೋರು ಯಾರು ಅಂತಾಳೆ. ರಜಕ್ಕೆ ಅಂತ ಸುಳ್ಳೇಳಿ ಕರ್ಕೊಂಡೋಗಿ ಬಿಟ್ಬಾ ಅಂತ ಎಲ್ರೂ ಹೇಳ್ತಾವ್ರೆ." ಅವನು ಟಿವಿಯ ಕಡೆ ನೋಡಿದ. "ನೀವು ಮಕ್ಳಿಗೆ ಸಿನಿಮಾ ತೋರಿಸ್ತೀರಲ್ಲ. ತಾಯಿ ಸತ್ತೋಗೋ ಒಂದು ಸಿನಿಮಾ ತೋರ್ಸಿ ಮೇಡಂ. ಅವ್ಳಿಗೇ ಅರ್ಥ ಆಗ್ಲಿ."

ನನಗೆ ರೇಗಿತು. "ಏನಪ್ಪ ಸಿದ್ದೇಶ, ನಿಮ್ಮನೆ ಸಾವಿನ ಸುದ್ದಿ ಹೇಳೋಕೆ ನಮ್ಮ ಟಿವಿನೇ ಬೇಕಾ?"

ಅವನು ಬೇಜಾರು ಮಾಡಿಕೊಳ್ಳಲಿಲ್ಲ. "ನಾನು ಬಾಯಿ ತೆಗೆದ್ರೆ ಅಳು ಬತ್ತದೆ ಮೇಡಂ," ಎಂದ. "ಟಿವಿ ಅಳಲ್ವಲ್ಲ."

ನಾನು ಎದ್ದು ಹೋಗಿ ಅವನಿಗೊಂದು ಲೋಟ ನೀರು ತಂದುಕೊಟ್ಟೆ. ಹುಡುಕುತ್ತೇನೆ ಎಂದು ಹೇಳಿ ಕಳಿಸಿದೆ.

ಹುಡುಕಿದೆ. ನನ್ನ ಅಷ್ಟು ವರ್ಷಗಳ ಕೆಲಸದಲ್ಲಿ ಪುಸ್ತಕಕ್ಕಾಗಿ ನಾನು ಪಟ್ಟ ಪಾಡುಗಳಲ್ಲಿ ಅದು ದೊಡ್ಡದು. ತಾಯಿ ಸಾಯುವ ಸಿನಿಮಾಗಳಿಗೇನೂ ಬರವಿರಲಿಲ್ಲ. ಆದರೆ ಒಂದರಲ್ಲಿ ತಾಯಿ ನಕ್ಷತ್ರವಾಗಿ ಕಣ್ಣು ಮಿಟುಕಿಸುತ್ತಾಳೆ. ಇನ್ನೊಂದರಲ್ಲಿ ಗಾಳಿಯಾಗಿ ಬಂದು ಮಗಳ ಕೂದಲು ಸವರುತ್ತಾಳೆ. ಪುಸ್ತಕಗಳಲ್ಲಿ ಅವಳು ಹಕ್ಕಿ, ಸಂಪಿಗೆ ಮರ, ದೂರದ ಊರಿನ ಅತಿಥಿ. ಎಲ್ಲವನ್ನೂ ಮುಂಚೆ ಮೆಚ್ಚಿಕೊಂಡು ಮಕ್ಕಳ ಕೈಗಿಟ್ಟವಳು ನಾನೇ. ಈಗ ಸಿಂಚನಳ ಕಣ್ಣಿನಿಂದ ನೋಡಿದಾಗ ಒಂದೂ ಕೆಲಸಕ್ಕೆ ಬರಲಿಲ್ಲ. ನಕ್ಷತ್ರ ಎಂದರೆ ಅವಳು ಮಾಳಿಗೆ ಹತ್ತುತ್ತಾಳೆ, ಹಕ್ಕಿ ಎಂದರೆ ಕಿಟಕಿ ತೆರೆದಿಡುತ್ತಾಳೆ. ಮಾಲೇಕಲ್ಲಿನಲ್ಲಿ ಹುಡುಕಿದ ಹುಡುಗಿ ಅವಳು. ಕಪಾಟಿನ ಮುಂದೆ ನೆಲದ ಮೇಲೆ ಕೂತು ಪುಸ್ತಕ ಹರಡಿಕೊಂಡಿದ್ದ ನನಗೆ, ಸತ್ತರು ಎಂಬ ಒಂದು ಮಾತನ್ನು ನೆಟ್ಟಗೆ ಹೇಳುವ ಹಾಳೆ ಸಿಗದೆ ಅಳು ಬಂದದ್ದು ನಿಜ.

ಕೊನೆಗೆ ಸಿಕ್ಕಿದ್ದು ಯಾರೂ ಇಷ್ಟಪಡದ ಒಂದು ಸಿನಿಮಾ. ಒಮ್ಮೆ ತೋರಿಸಿದಾಗ ಮಕ್ಕಳು ಆಕಳಿಸಿದ್ದರು. ಕೆರೆಯ ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ ತಾತ ಅದರಲ್ಲಿ. ಒಂದು ಬೆಳಿಗ್ಗೆ ತಾತ ಏಳುವುದಿಲ್ಲ. ಮೈ ತೊಳೆಯುತ್ತಾರೆ, ಹೊತ್ತುಕೊಂಡು ಹೋಗುತ್ತಾರೆ. ಮೊಮ್ಮಗ ಎಲ್ಲವನ್ನೂ ನೋಡುತ್ತಾನೆ. "ತಾತ ಎದ್ದೇಳಲ್ವಾ?" ಎಂದು ಕೇಳುತ್ತಾನೆ. ಅವನ ಅಮ್ಮ ಪಾತ್ರೆ ತೊಳೆಯುತ್ತಲೇ "ಇಲ್ಲ ಕಂದ, ಸತ್ತುಹೋದರು. ಇನ್ನು ಬರಲ್ಲ," ಎನ್ನುತ್ತಾಳೆ. ಸಂಗೀತವಿಲ್ಲ, ನಕ್ಷತ್ರವಿಲ್ಲ. ಆಮೇಲೆ ಮನೆಯವರು ತೂಬು ಯಾರು ಎತ್ತಬೇಕೆಂದು ಮಾತಾಡಿಕೊಳ್ಳುತ್ತಾರೆ. ಅದರ ಜೊತೆಗೆ ಒಂದು ತೆಳ್ಳನೆಯ ಚಿತ್ರಪುಸ್ತಕವೂ ಸಿಕ್ಕಿತು. ಅಜ್ಜಿ ಸತ್ತ ಮೇಲೆ ಅವಳ ಹಿತ್ತಲಿನ ಸೊಪ್ಪಿನ ಮಡಿಗೆ ಮನೆಯವರು ಸರದಿಯಲ್ಲಿ ನೀರು ಹಾಕುವ ಕಥೆ. ಕೊನೆಯ ಚಿತ್ರದಲ್ಲಿ ಎಲ್ಲರೂ ಇದ್ದಾರೆ, ಅಜ್ಜಿ ಇಲ್ಲ.

ಸಿದ್ದೇಶನನ್ನು ಕರೆಸಿ ಷರತ್ತು ಹಾಕಿದೆ. "ಸಿನಿಮಾ ನಾನು ಹಾಕ್ತೀನಿ. ಅವಳ ಪಕ್ಕದಲ್ಲಿ ನೀನು ಕೂತಿರ್ಬೇಕು. ಅವಳು ತಿರುಗಿ ಒಂದು ಪ್ರಶ್ನೆ ಕೇಳ್ತಾಳೆ. ಅದಕ್ಕೆ ಉತ್ತರ ನಿಂದು, ಟಿವಿದಲ್ಲ, ನಂದೂ ಅಲ್ಲ." ಅವನು ತಲೆಯಾಡಿಸಿದ.

ಆ ಶನಿವಾರ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಗೌರಮ್ಮನೂ ಬಂದರು. ಹೊರಗಿನ ಬಿಸಿಲಿಗೆ ಮಕ್ಕಳು ಕಡಿಮೆಯಿದ್ದರು. ಎಂದಿನಂತೆ ಸಿಂಚನ ಸೆರಗು ಎಳೆದಳು.

"ಇದ್ರಲ್ಲಿ ಬತ್ತೀನಿ ಅಂತ ಹೇಳಿ ಹೋಗ್ತಾರಾ ಮಿಸ್?"

"ಇಲ್ಲ ಕಣಮ್ಮ. ಇದ್ರಲ್ಲಿ ಯಾರೂ ಹಾಗೆ ಹೇಳಿ ಹೋಗಲ್ಲ," ಎಂದೆ. ಅದು ನಿಜವೇ ಆಗಿತ್ತು. ಅವಳು ಅಪ್ಪ ಮತ್ತು ಅಜ್ಜಿಯ ನಡುವೆ ಕೂತಳು.

ನಾನು ಸಿನಿಮಾ ನೋಡಲಿಲ್ಲ, ಅವಳನ್ನು ನೋಡುತ್ತಿದ್ದೆ. ತಾತ ತೂಬಿನ ಮೇಲೆ ಕೂತು ಮೊಮ್ಮಗನಿಗೆ ಕಡಲೆಪುರಿ ಕೊಟ್ಟಾಗ ನಕ್ಕಳು. ತಾತನ ಮೈ ತೊಳೆಯುವಾಗ ಮುಂದಕ್ಕೆ ಬಾಗಿದಳು. ಹುಡುಗನ ಅಮ್ಮ ಆ ಮಾತು ಹೇಳಿದಳು. ಸಿಂಚನ ಅಪ್ಪನ ಕಡೆ ತಿರುಗಿದಳು.

"ಅವ್ರ ತಾತ ಬತ್ತೀನಿ ಅಂದಿರ್ಲಿಲ್ಲ ಅಲ್ವಾ ಅಪ್ಪ? ಅದ್ಕೆ ಬರಲ್ಲ. ನಮ್ಮಮ್ಮ ಅಂದಿದ್ಲು."

ಇಂಥ ಪ್ರಶ್ನೆ ಬರುತ್ತದೆ ಎಂದು ನಾನು ಎಣಿಸಿರಲಿಲ್ಲ. ಸಿದ್ದೇಶ ಅಂಗಿಯ ತೋಳಿನಿಂದ ಮುಖ ಮುಚ್ಚಿಕೊಂಡ. ನಾನು ಏಳಬೇಕೋ ಕೂರಬೇಕೋ ತಿಳಿಯದೆ ಮೇಜಿನ ಅಂಚು ಹಿಡಿದಿದ್ದೆ. ಮಾತಾಡಿದವರು ಗೌರಮ್ಮ.

"ಅವ್ಳು ಅನ್ಲಿಲ್ಲ ಕಣವ್ವ," ಎಂದರು. "ನಾನು ಅನ್ನಿಸ್ದೆ."

ಸಿದ್ದೇಶ ತೋಳು ತೆಗೆದು ತಾಯಿಯನ್ನು ನೋಡಿದ. ಅವನಿಗೂ ಅದು ಹೊಸ ಸುದ್ದಿ.

"ಆಂಬುಲೆನ್ಸ್ ಹತ್ತುವಾಗ ನಿಮ್ಮವ್ವ ಏನಂದ್ಲು ಗೊತ್ತಾ? ಹೋಗ್ತೀನಿ ಅತ್ತೆ, ಮಗ ಹುಷಾರು ಅಂದ್ಲು. ಏದುಸ್ರು ಬುಡ್ತಿದ್ಲು. ಹಂಗನ್ಬಾರ್ದು ಕಣೇ, ಬತ್ತೀನಿ ಅನ್ನು ಅಂತ ನಾನೇ ಗದರ್ಕೊಂಡೆ. ಬಾಯಿಗೆ ಕಟ್ಟಿದ್ದ ಮಾಸ್ಕು ಇಳಿಸ್ಕೊಂಡು ನಿನ್ ಕಡೆ ತಿರುಗಿ, ಬತ್ತೀನಿ ಕಣ್ ಮಗ ಅಂದ್ಲು. ನಾನು ಹೇಳ್ಕೊಟ್ಟಿದ್ದು ಅದು. ಅವ್ಳಿಗೆ ಗೊತ್ತಾಗಿತ್ತು ಕಣವ್ವ."

ಟಿವಿಯಲ್ಲಿ ತೂಬಿನ ನೀರು ಬಿದ್ದು ಸದ್ದು ಮಾಡುತ್ತಿತ್ತು. ಉಳಿದ ಮಕ್ಕಳು ಅದನ್ನೇ ನೋಡುತ್ತಿದ್ದರು. ಗೌರಮ್ಮ ಮೊಮ್ಮಗಳ ಎರಡೂ ಕೈ ಹಿಡಿದುಕೊಂಡು, ಇಷ್ಟು ದಿನ ಆ ಮನೆಯಲ್ಲಿ ಯಾರೂ ಹೇಳದಿದ್ದ ಮಾತನ್ನು ಹೇಳಿದರು.

"ನಿಮ್ಮವ್ವ ಸತ್ತೋದ್ಲು ಮಗ. ಆಸ್ಪತ್ರೇಲಿ ಸತ್ತೋದ್ಲು. ಇನ್ನು ಬರಲ್ಲ."

ಅಳುತ್ತಾಳೆ, ಚೀರುತ್ತಾಳೆ, ಓಡುತ್ತಾಳೆ ಎಂದು ನಾನು ಬಾಗಿಲ ಕಡೆ ಹೆಜ್ಜೆ ಇಟ್ಟಿದ್ದೆ. ಹಾಗೇನೂ ಆಗಲಿಲ್ಲ. ಸಿಂಚನ ಅಜ್ಜಿಯ ಮುಖವನ್ನೇ ನೋಡುತ್ತಿದ್ದಳು.

"ಹಂಗಾದ್ರೆ ಅಮ್ಮ ನಂಗೆ ಸುಳ್ಳೇಳ್ಲಿಲ್ಲ ಅಲ್ವಾ ಅಜ್ಜಿ?"

"ಇಲ್ಲ ಕಣವ್ವ. ಅವ್ಳು ಸುಳ್ಳೇಳ್ಲಿಲ್ಲ."

ಆಗ ಅತ್ತಳು. ಅಪ್ಪನ ಇಸ್ತ್ರಿ ಅಂಗಿಗೆ ಮುಖ ಒತ್ತಿಕೊಂಡು ಅತ್ತಳು. ಅವನೂ ಅತ್ತ. ಕಾಯುವುದಷ್ಟೇ ಆ ಮಗುವಿನ ಕಷ್ಟ ಎಂದು ನಾವೆಲ್ಲ ತಿಳಿದುಕೊಂಡಿದ್ದೆವು. ಅಮ್ಮ ಮಾತು ತಪ್ಪಿದಳೇ ಎಂಬ ಸಂಶಯ ಅವಳನ್ನು ಒಳಗೊಳಗೇ ತಿನ್ನುತ್ತಿತ್ತು ಎಂಬುದು ಯಾರಿಗೂ ಹೊಳೆದಿರಲಿಲ್ಲ. ಹಿಂದಿನ ಸಾಲಿನಲ್ಲಿದ್ದ ಪತ್ರಿಕೆಯ ಹಿರಿಯರು ಒಬ್ಬೊಬ್ಬರಾಗಿ ಎದ್ದು ಹೊರಗೆ ಹೋದರು. ಒಬ್ಬರು ಹೋಗುವಾಗ ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಅವತ್ತು ನಾನು ಮನೆಗೆ ಹೋಗುವ ಹೊತ್ತಿಗೆ ಸೂರ್ಯ ಮುಳುಗಿದ್ದ. ಊಟ ಮಾಡದೆ ಮಲಗಿದೆ. ಮಾಡಬಹುದಾಗಿದ್ದರೂ ಸೇರುತ್ತಿರಲಿಲ್ಲ.

ಸಿಂಚನ ಜೊತೆ ಪುಸ್ತಕ ತೆಗೆದುಕೊಂಡು ಹೋದಳು. ಈ ಸಲ ಕೊನೆಯ ಹಾಳೆ ತಿರುಗಿಸಿ ನೋಡಲಿಲ್ಲ, ಮೊದಲ ಹಾಳೆಯಿಂದಲೇ ಶುರು ಮಾಡಿದಳು ಎಂದು ಗೌರಮ್ಮ ಆಮೇಲೆ ಹೇಳಿದರು. ಓದುತ್ತಾಳೆ, ಮುಚ್ಚುತ್ತಾಳೆ, ಅಳುತ್ತಾಳೆ, ಮತ್ತೆ ತೆಗೆಯುತ್ತಾಳೆ. ಅಮ್ಮನ ತುಳಸಿ ಗಿಡ ಒಣಗಿಹೋಗಿತ್ತಂತೆ. ಆ ಕುಂಡದಲ್ಲಿ ಕೊತ್ತಂಬರಿ ಬೀಜ ಹಾಕಿಸಿದಳಂತೆ. ಮಗು ಸರಿಹೋಯಿತು ಎಂದು ನಾನು ಹೇಳುವುದಿಲ್ಲ. ಕೆಲವು ಸಂಜೆ ಹಾಸನದ ಕಡೆಯಿಂದ ರೈಲು ಬಂದ ಸದ್ದಾದರೆ ಈಗಲೂ ಬಾಗಿಲಿಗೆ ಓಡುತ್ತಾಳೆ, ಆಮೇಲೆ ತಾನೇ ನೆನಪು ಮಾಡಿಕೊಂಡು ಒಳಗೆ ಬರುತ್ತಾಳೆ ಎಂದು ಸಿದ್ದೇಶ ಹೇಳಿದ. ಅದನ್ನು ಹೇಳುವಾಗ ಅವನು ನಿಂತಿರಲಿಲ್ಲ, ಕುರ್ಚಿಯಲ್ಲಿ ಕೂತಿದ್ದ.

ಗೌರಮ್ಮ ಒಂದು ದಿನ ಒಬ್ಬರೇ ಬಂದಿದ್ದರು. "ನಾನು ಅನ್ನಿಸ್ದೇ ಇದ್ದಿದ್ರೆ ಬದುಕ್ತಿದ್ಲಾ ಮೇಡಮ್ಮೋರೆ?" ಎಂದು ಕೇಳಿದರು. ಬದುಕುತ್ತಿರಲಿಲ್ಲ, ಅದಕ್ಕೂ ಇದಕ್ಕೂ ಏನು ಸಂಬಂಧ ಎಂದೆ. "ಸಂಬಂಧ ಇಲ್ಲ ಅಂತ ನಂಗೂ ಗೊತ್ತು," ಎಂದರು. "ಆದ್ರೂ ಅವ್ಳು ಕೊನೇಲಿ ಮಗಿಗೆ ಹೇಳಿದ್ದು ಅವ್ಳ ಮಾತಲ್ಲ, ನನ್ ಮಾತು. ಅವ್ಳು ಇನ್ನೇನು ಹೇಳ್ಬೇಕು ಅಂತಿದ್ಲೋ." ಆ ಪ್ರಶ್ನೆಗೆ ಜೊತೆಯಾಗುವ ಪುಸ್ತಕ ಯಾವ ಕಪಾಟಿನಲ್ಲೂ ಇಲ್ಲ.

ಮುಂಗಾರಿನ ಮೊದಲ ಹನಿ ಬೀಳುವ ಹೊತ್ತಿಗೆ ಅವರು ಮನೆ ಖಾಲಿ ಮಾಡಿದರು. ಹೊರಡುವ ದಿನ ಸಿಂಚನ ಪುಸ್ತಕ ಮರಳಿಸಲು ಬಂದಳು. ಬೇಕಾದರೆ ಇಟ್ಟುಕೋ ಎಂದೆ. ಬೇರೆಯವರಿಗೂ ಬೇಕಾಗುತ್ತದೆ ಎಂದು ಮೇಜಿನ ಮೇಲೆ ಇಟ್ಟಳು. ಎರಡೂ ಜಡೆ ಬಿಗಿಯಾಗಿ ಹೆಣೆದಿದ್ದವು. ಹೊಸಿಲ ಹತ್ತಿರ ನಿಂತು ತಿರುಗಿದಳು.

"ಹೋಗ್ತೀನಿ ಮಿಸ್," ಎಂದಳು.

ಪಕ್ಕದಲ್ಲಿದ್ದ ಗೌರಮ್ಮನ ಬಾಯಿ ಅಭ್ಯಾಸಬಲದಿಂದ ತೆರೆಯಿತು. ಹಂಗನ್ಬಾರ್ದು ಎಂಬ ಮಾತು ಅವರ ತುಟಿಯ ತನಕ ಬಂದದ್ದನ್ನು ನಾನು ನೋಡಿದೆ. ಅವರು ಬಾಯಿ ಮುಚ್ಚಿಕೊಂಡರು. ನಾನೂ ಎಷ್ಟೋ ಮಕ್ಕಳನ್ನು ಅದೇ ಹೊಸಿಲಿನಲ್ಲಿ ತಿದ್ದಿದವಳು. ಅವತ್ತು ತಿದ್ದಲಿಲ್ಲ. "ಹೂಂ ಕಣಮ್ಮ, ಹೋಗು," ಎಂದೆ. ಅವರು ಜಾವಗಲ್ ಮೇಲೆ ಹಳೇಬೀಡಿಗೆ ಹೋಗುವ ಬಸ್ಸಿಗೆ ಹೊರಟುಹೋದರು.

ನಾನು ನಿವೃತ್ತಳಾದ ಮೇಲೂ, ಮಕ್ಕಳಿಗೆ ಯಾವ ಸಿನಿಮಾ ತೋರಿಸೋಣ, ಯಾವ ಪುಸ್ತಕ ಕೊಡೋಣ ಎಂದು ಕೇಳುವವರು ಈಗಲೂ ಇದ್ದಾರೆ. ಹೇಳುತ್ತೇನೆ. ಆದರೆ ಹೇಳುವ ಮುಂಚೆ, ಆ ಮಗುವಿಗೆ ಮನೆಯಲ್ಲಿ ಏನನ್ನು ಹೇಳದೆ ಇಟ್ಟಿದ್ದೀರಿ ಎಂದು ಕೇಳುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ. ಸಿನಿಮಾವೂ ಪುಸ್ತಕವೂ ದುಃಖದ ಪಕ್ಕ ಕೂರಬಲ್ಲವು, ಬಹಳ ಹೊತ್ತು ಕೂರಬಲ್ಲವು. ಸುದ್ದಿಯನ್ನು ಮಾತ್ರ ಮನೆಯವರ ಬಾಯೇ ಹೇಳಬೇಕು, ಅಳುವ ಬಾಯಾದರೂ ಸರಿ. ಇಷ್ಟು ವರ್ಷ ಪುಸ್ತಕದ ನಡುವೆ ಇದ್ದು ನಾನು ಕಲಿತ ಪಾಠ ಇದು.

ಇನ್ನೊಂದು ಪಾಠವನ್ನು ಸಿಂಚನಳೇ ಕಲಿಸಿದಳು. ಹೋದ ವರ್ಷ ತವರಿನಲ್ಲಿ ಪೂಜೆಗೆಂದು ಬಸ್ತಿಹಳ್ಳಿಗೆ ಹೋಗಿದ್ದೆ. ಮರಳಿ ಹೊರಟಾಗ ಹಳೇಬೀಡಿನ ಬಸ್‌ಸ್ಟ್ಯಾಂಡಿನಲ್ಲಿ ಯೂನಿಫಾರ್ಮಿನ ಹುಡುಗಿಯೊಬ್ಬಳು "ಮಿಸ್" ಎಂದಳು. ಉದ್ದಕ್ಕೆ ಬೆಳೆದಿದ್ದಳು. ಜಡೆ ಈಗ ಒಂದೇ. ಚಿಕ್ಕಮ್ಮನ ಮನೆ, ಶಾಲೆ, ಹಗರೆಯಲ್ಲಿ ಕೋಲು ಹಿಡಿದು ನಡೆಯುವ ಅಜ್ಜಿ, ತಿಂಗಳಿಗೊಮ್ಮೆ ಬರುವ ಅಪ್ಪ, ಎಲ್ಲದರ ಸುದ್ದಿ ಹೇಳಿದಳು. ಬೇಲೂರಿನ ಲೈಬ್ರರಿಗೆ ಚಿಕ್ಕಪ್ಪನ ಜೊತೆ ಹೋಗುತ್ತಾಳಂತೆ. ಅಷ್ಟರಲ್ಲಿ ನನ್ನ ಬಸ್ಸು ಬಂತು. ಸೂರ್ಯ ಇಳಿಯುತ್ತಿದ್ದ, ನನಗೆ ಊಟದ ಚಿಂತೆ.

"ಬರ್ತೀನಿ ಕಣಮ್ಮ," ಎಂದು ಮೆಟ್ಟಿಲ ಮೇಲೆ ಕಾಲಿಟ್ಟೆ.

"ಯಾವಾಗ ಮಿಸ್?" ಎಂದಳು.

ನಮ್ಮ ಸೀಮೆಯಲ್ಲಿ ಈ ಮಾತಿಗೆ ಹಾಗೆ ಯಾರೂ ಕೇಳುವುದಿಲ್ಲ. ಅವಳ ಮುಖದಲ್ಲಿ ತಮಾಷೆ ಇರಲಿಲ್ಲ. ಕಂಡಕ್ಟರ್ ಅವಸರ ಮಾಡುತ್ತಿದ್ದ. ನಾನು ಕಾಲು ಕೆಳಗಿಟ್ಟು, ಬರುವ ಭಾನುವಾರ ಬೆಳಿಗ್ಗೆ ಎಂದೆ. ಅವಳು ಸರಿ ಎಂದು ತಲೆಯಾಡಿಸಿದಳು. ಭಾನುವಾರ ಅರಸೀಕೆರೆಯಲ್ಲಿ ಮಳೆ ಹಿಡಿದಿತ್ತು, ಮನೆಯವರು ಬೇಡ ಎಂದರು. ನಾನು ಮೊದಲ ಬಸ್ಸಿಗೇ ಹೋದೆ.